ದೊಡ್ಡಪ್ಪ ಹೇಳಿದ ಒಂದೇ ಸುಳ್ಳು

ಆಯುಧ ಪೂಜೆಯ ದಿನ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನನ್ನ ನಿದ್ದೆ ಹಾರಿಹೋಯಿತು. ಆ ಹೊತ್ತಿನಲ್ಲಿ ಮಲಗಿದ್ದೆ ಎಂದಲ್ಲ. ಸ್ನಾನ ಮಾಡಿ, ಪಂಚೆಯುಟ್ಟು, ಸ್ಕೂಟರಿನ ಮುಂದೆ ಒಡೆಯಬೇಕಾದ ಬೂದುಗುಂಬಳಕಾಯಿಯನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದೆ. ಹಾರಿಹೋದದ್ದು ಮುಂದಿನ ರಾತ್ರಿಗಳ ನಿದ್ದೆ. ಅಪಾಯ ಎದುರಿಗಿದ್ದಾಗ ಹೆದರಿಕೆಯಾಗುತ್ತದೆ ಅನ್ನುವುದು ಪುಸ್ತಕದ ಮಾತು. ನನ್ನ ಅನುಭವದಲ್ಲಿ ಅಪಾಯ ಮನೆ ಬಿಟ್ಟುಹೋದ ಮೇಲೆ, ಬಿಡುವು ಮಾಡಿಕೊಂಡು, ಹಳೆಯ ಬಾಕಿಯನ್ನೆಲ್ಲ ಸೇರಿಸಿಕೊಂಡು ಹೆದರಿಕೆ ಬರುತ್ತದೆ.

ನಮ್ಮ ದೊಡ್ಡಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಹೋರಾಡಿದವರು. ಸೇನೆ ಬಿಟ್ಟ ಮೇಲೆ ಗಂಗಾನಗರದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟರಾದರು. ನಮ್ಮ ಎಂಟನೇ ತರಗತಿಯನ್ನು ನೋಡಿದ್ದವರು ಎರಡನೆಯದೇ ದೊಡ್ಡ ಸಾಹಸ ಎನ್ನುತ್ತಿದ್ದರು. ಯುದ್ಧದ ಕತೆ ಹೇಳಿ ಎಂದು ಪೀಡಿಸಿದರೆ, "ಚಳಿ ಕಣೋ. ಕಾಲುಚೀಲ ಒಣಗ್ತಾನೇ ಇರ್ಲಿಲ್ಲ" ಎನ್ನುವರು, ಅಲ್ಲಿಗೆ ಯುದ್ಧ ಮುಗಿಯುತ್ತಿತ್ತು. ಅವರಷ್ಟು ಎಚ್ಚರದ ಮನುಷ್ಯನನ್ನು ನಾನು ಕಂಡಿಲ್ಲ. ಬೀಗ ಹಾಕಿದ ಮೇಲೆ ಅದಕ್ಕೆ ಜೋತುಬಿದ್ದು ನೋಡುತ್ತಿದ್ದರು. ಗ್ಯಾಸ್ ಆರಿಸಿದ್ದೇನೆ ಎಂದು ದೊಡ್ಡಮ್ಮ ಹೇಳಿದರೆ, "ನಂಬಿಕೆ ಇದೆ" ಎಂದು ಹೇಳಿ ಎದ್ದುಹೋಗಿ ನೋಡುತ್ತಿದ್ದರು. ಹೆಬ್ಬಾಳದಲ್ಲಿ ರಸ್ತೆ ದಾಟಿಸುವಾಗ ಪಶುವೈದ್ಯ ಕಾಲೇಜಿನ ಹತ್ತಿರ ಬಸ್ಸೊಂದು ಚುಕ್ಕಿಯಷ್ಟು ಕಂಡರೂ ಸಾಕು, ಅದು ನಮ್ಮನ್ನು ದಾಟಿ ಹೋಗುವವರೆಗೆ ನನ್ನ ಮಣಿಕಟ್ಟು ಬಿಡುತ್ತಿರಲಿಲ್ಲ. ದೊಡ್ಡವನಾದರೆ ಇವರ ಹಾಗೆಯೇ ಆಗಬೇಕು ಎಂದುಕೊಂಡಿದ್ದೆ. ಈಗ ನಾನೂ ಬೀಗಕ್ಕೆ ಜೋತುಬೀಳುತ್ತೇನೆ. ಗಣಿತ ಮಾತ್ರ ಬರಲಿಲ್ಲ.

ಯುದ್ಧದಿಂದ ಅವರು ಒಂದು ಪದಕವನ್ನೂ ಒಂದು ಸಿಡಿಗುಂಡಿನ ಶೆಲ್ಲನ್ನೂ ತಂದಿದ್ದರು. ಪದಕ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಶೆಲ್ ಮಾತ್ರ ಉಳಿದಿತ್ತು: ಎಳೆ ಸೋರೆಕಾಯಿಯ ಗಾತ್ರ, ಬಾಲದಲ್ಲಿ ಮೀನಿನ ಹಾಗೆ ರೆಕ್ಕೆ. ಅದನ್ನು ಕೈಚೀಲದಲ್ಲಿ ಶಾಲೆಗೆ ತಂದು ಮೇಜಿನ ಮೇಲಿಟ್ಟು, "ಇದಕ್ಕೆ ಕಿವಿ ಬಹಳ ಸೂಕ್ಷ್ಮ. ಗಲಾಟೆ ಆದ್ರೆ ಸಿಡಿಯುತ್ತೆ" ಎಂದು ಮೆಲುದನಿಯಲ್ಲಿ ಹೇಳಿ ಬೋರ್ಡಿನ ಕಡೆ ತಿರುಗುತ್ತಿದ್ದರು. ತರಗತಿ ಉಸಿರನ್ನೂ ಸರದಿಯ ಪ್ರಕಾರ ಬಿಡುತ್ತಿತ್ತು. ಆ ಮೌನ ಎಷ್ಟು ಹಿತವಾಗಿತ್ತೆಂದರೆ, ಮೊದಲ ಬೆಂಚಿನಲ್ಲಿ, ಶೆಲ್ಲಿನ ಎದುರಿಗೇ ನಾನು ತೂಕಡಿಸುತ್ತಿದ್ದೆ. ದೊಡ್ಡವರಾದ ಮೇಲೆ ಒಮ್ಮೆ ನನ್ನ ಸಹಪಾಠಿ ಮಂಜುನಾಥ ಕೇಳಿಯೇಬಿಟ್ಟ: "ಸಾರ್, ಅದು ನಿಜವಾಗ್ಲೂ ಸಿಡೀತಿತ್ತಾ?" ದೊಡ್ಡಪ್ಪ ನಾಚಿಕೊಂಡರು. "ಖಾಲಿ ಡಬ್ಬ ಕಣೋ. ಜೀವಮಾನದಲ್ಲಿ ನಾನು ಹೇಳಿದ್ದು ಅದೊಂದೇ ಸುಳ್ಳು."

ಹೋದ ವರ್ಷ ಅವರು ತೀರಿಕೊಂಡರು. ದೊಡ್ಡಮ್ಮ ಗಂಗಾನಗರದ ಮನೆ ಬಿಟ್ಟು ಕೆಂಪಾಪುರದ ನಮ್ಮ ಮನೆಗೆ ಬಂದರು. ಸಾಮಾನೆಲ್ಲ ಟೆಂಪೋದಲ್ಲಿ ಬಂತು. ಶೆಲ್ಲನ್ನು ಮಾತ್ರ, "ಇದನ್ನ ಕಂಡೋರ ಕೈಗೆ ಕೊಡೋಕಾಗಲ್ಲಪ್ಪ" ಎಂದು ಹಳೆಯ ಸೀರೆಯಲ್ಲಿ ಸುತ್ತಿ ನನಗೆ ಕೊಟ್ಟರು. ಸ್ಕೂಟರಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ಹೆಬ್ಬಾಳ ದಾಟಿ ತಂದೆ. ದೇವರ ಗೂಡಿನಲ್ಲಿ ಅದಕ್ಕೆ ಜಾಗವಾಯಿತು.

ಆಯುಧ ಪೂಜೆಗೆ ದೊಡ್ಡಮ್ಮ ಅದಕ್ಕೆ ಪ್ರತಿವರ್ಷದಂತೆ ಕೊಬ್ಬರಿ ಎಣ್ಣೆ ಸವರಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಕರ್ಪೂರ ಹಚ್ಚಿದ್ದರು. ಮೇಲಿನ ಮನೆಯ ನಿವೃತ್ತ ಸುಬೇದಾರರು, ಬೆಳಗಾವಿ ಕಡೆಯವರು, ಪೂಜೆಗೆಂದು ಬಂದವರು ಗೂಡಿನತ್ತ ಬಗ್ಗಿ ನೋಡಿ, ಮುಗಿಯಲೆತ್ತಿದ ಕೈಗಳನ್ನು ಅರ್ಧದಲ್ಲೇ ನಿಲ್ಲಿಸಿದರು.

"ಇದರಾಗ ಸಿಡಿಸೂ ಫ್ಯೂಸ್ ಇನ್ನೂ ಹಂಗ ಐತಲ್ರಿ," ಎಂದರು ತೀರಾ ಮೆಲ್ಲಗೆ. "ಯಾರೂ ಓಡಬ್ಯಾಡ್ರಿ. ಹಗೂರಕ ಹೊರಗ ಹೋಗೂಣು."

"ಆರತಿ ಅರ್ಧಕ್ಕೆ ನಿಲ್ಲಿಸಬಾರದು," ಎಂದರು ದೊಡ್ಡಮ್ಮ, ಗಂಟೆ ಬಾರಿಸುತ್ತ.

"ಅಮ್ಮಾರ, ಕೈಯಾಗ ಬೆಂಕಿ ಐತ್ರಿ."

"ಆರತೀಲಿ ಬೆಂಕಿ ಇರದೆ ಇನ್ನೇನಿರುತ್ತಪ್ಪ?"

ಕರ್ಪೂರದ ತಟ್ಟೆ ಶೆಲ್ಲಿನ ಮೂತಿಯ ಸುತ್ತ ಬರುವುದನ್ನು ನಾನು ಕಣ್ಣಾರೆ ನೋಡಿದ್ದು ಒಂದು ಸುತ್ತು ಮಾತ್ರ. ಉಳಿದದ್ದು ಕೇಳಿ ತಿಳಿದದ್ದು. ಪೂಜೆ ಮುಗಿಸಿ ದೊಡ್ಡಮ್ಮ ತಟ್ಟೆ ಹಿಡಿದರಂತೆ; ಸುಬೇದಾರರೂ ಆರತಿ ತೆಗೆದುಕೊಂಡೇ ಅವರ ಕೈಹಿಡಿದು ಹೊರಗೆ ಕರೆತಂದರಂತೆ. ಅಷ್ಟು ಹೊತ್ತಿಗೆ ನಾನು ಬೀದಿಯ ಕೊನೆಯಲ್ಲಿದ್ದೆ. ಬೂದುಗುಂಬಳಕಾಯಿಗೆ ಒಂದು ಗೀರೂ ಆಗದಂತೆ ಕಾಪಾಡಿದ್ದೆ.

ಬಾಂಬ್ ನಿಷ್ಕ್ರಿಯ ದಳದವರು ಬಂದು ಅದನ್ನು ಮರಳಿನ ಪೆಟ್ಟಿಗೆಯಲ್ಲಿ ಒಯ್ದರು. ಊರಾಚೆಯ ಹಾಳು ಕಲ್ಲುಕ್ವಾರಿಯಲ್ಲಿ ಸಿಡಿಸಿ, ಸಂಜೆ ಅಧಿಕಾರಿ ಫೋನ್ ಮಾಡಿದರು. "ಒಳ್ಳೇ ಕಂಡೀಷನ್‌ನಲ್ಲಿತ್ತು ಸಾರ್. ಚೆನ್ನಾಗಿ ನೋಡ್ಕೊಂಡಿದ್ದೀರಿ." ಕೊಬ್ಬರಿ ಎಣ್ಣೆಯ ಮಹಿಮೆ. ದೊಡ್ಡಪ್ಪ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದರು, ಅದೂ ನಿಜವಾಗಿತ್ತು.

ಅಂದಿನಿಂದ ಪ್ರತಿ ರಾತ್ರಿ ನಾನು ಹಾಸಿಗೆಯಲ್ಲಿ ಮಲಗಿಕೊಂಡೇ, ಶೆಲ್ಲನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಗಂಗಾನಗರದಿಂದ ಕೆಂಪಾಪುರಕ್ಕೆ ಸ್ಕೂಟರಿನಲ್ಲಿ ಬರತೊಡಗಿದೆ. ಒಂದೊಂದು ಹಂಪ್ ಕೂಡ ಹೆಸರು ಹೇಳಿಕೊಂಡು ಎದುರಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕಾಡಿದವರು ದೊಡ್ಡಪ್ಪ. ಬೀಗಕ್ಕೆ ಜೋತುಬಿದ್ದು ನೋಡುವವರು ಇದೊಂದನ್ನು ನೋಡಲಿಲ್ಲವೇ? ಹಾಗಾದರೆ ನಾನು ಇಷ್ಟು ವರ್ಷ ಯಾರನ್ನು ನೋಡಿ ಎಚ್ಚರ ಕಲಿತೆ? ದೊಡ್ಡಮ್ಮನಿಗೆ ಈ ತಾಪತ್ರಯವಿರಲಿಲ್ಲ. "ಅವರು ಮನೇಲಿರುವಾಗ ಸಿಡಿಯೋಕೆ ಅದಕ್ಕೆಲ್ಲಿತ್ತೋ ಧೈರ್ಯ?" ಎಂದು ಪಕ್ಕ ತಿರುಗಿ ಮಲಗುತ್ತಿದ್ದರು.

ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಅವರಿಗೊಂದು ನುಡಿನಮನ ಇಟ್ಟುಕೊಂಡರು. "ಅವರ ಮರ್ಯಾದೆ ತೆಗೀಬೇಡ," ಎಂದರು ದೊಡ್ಡಮ್ಮ, ಆಟೋ ಹತ್ತುವಾಗ. ತೆಗೆಯುವುದಿಲ್ಲ ಎಂದೇ ನಾನೂ ಹೊರಟಿದ್ದೆ. ಆದರೆ ಬಂದವರೆಲ್ಲ ಅವರ ಎಚ್ಚರವನ್ನೇ ಹೊಗಳಿದರು. ಕೊನೆಗೆ, ಈಗ ಬ್ಯಾಂಕ್ ಮ್ಯಾನೇಜರಾಗಿ ಬೊಜ್ಜು ಬೆಳೆಸಿರುವ ಮಂಜುನಾಥ ಮೈಕಿನಲ್ಲಿ ಆ ಖಾಲಿ ಡಬ್ಬದ ಸುಳ್ಳನ್ನು ನೆನೆದು ಎಲ್ಲರನ್ನೂ ನಗಿಸಿದ. ಸತ್ತ ಮೇಷ್ಟರನ್ನು ಸುಳ್ಳುಗಾರರನ್ನಾಗಿ ಮಾಡಿ ನಗುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮೈಕ್ ಹಿಡಿದು, "ಅದು ಸುಳ್ಳಾಗಿರಲಿಲ್ಲ" ಎಂದು ಕಲ್ಲುಕ್ವಾರಿಯವರೆಗಿನ ಕತೆಯನ್ನೆಲ್ಲ ಹೇಳಿಬಿಟ್ಟೆ.

ಸಭೆ ಸ್ತಬ್ಧವಾಯಿತು. ಬೋಳುತಲೆಗಳು, ಸೋಡಾಬುಡ್ಡಿ ಕನ್ನಡಕಗಳು, ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ ಕೂತರು. ಉಸಿರು ಮತ್ತೆ ಸರದಿಯ ಪ್ರಕಾರ ಬರುತ್ತಿತ್ತು. ನಾನು ದೊಡ್ಡಮ್ಮನ ಮುಖ ನೋಡಲು ಹೆದರಿದೆ. ಅವರೋ ಹಿಂದೆ ತಿರುಗಿ ಆ ಮೌನವನ್ನೊಮ್ಮೆ ಕಣ್ತುಂಬ ನೋಡಿ, "ಅವರ ಕ್ಲಾಸು ಹಿಂಗೇ ಇರ್ತಿತ್ತಾ?" ಎಂದು ಕೇಳಿದರು.

ಆ ರಾತ್ರಿ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ. ಎದ್ದು ಫೋನ್ ನೋಡಿದರೆ ತರಗತಿಯ ಗುಂಪಿನ ತುಂಬ ರಾತ್ರಿಯಿಡೀ ಬಂದ ಸಂದೇಶಗಳು. ಕೊನೆಯದು ಮಂಜುನಾಥನದು: "ಮಗಾ, ಅದರ ಮೂತಿ ಮೇಲೆ ಕೈವಾರದ ಮೊನೆಯಿಂದ ನನ್ನ ಹೆಸರು ಕೆತ್ತಿದ್ದೆ ಕಣೋ. ನಿದ್ದೆ ಬರ್ತಿಲ್ಲ."

"ಗಲಾಟೆ ಮಾಡ್ಬೇಡ, ಮಲ್ಕೋ," ಎಂದು ಉತ್ತರ ಬರೆದೆ. ದೊಡ್ಡಮ್ಮ ಕಾಫಿ ತಂದುಕೊಟ್ಟು, ಗ್ಯಾಸ್ ಆರಿಸಿದ್ದೇನೆ ಎಂದರು. "ನಂಬಿಕೆ ಇದೆ" ಎಂದು ಹೇಳಿ, ಎದ್ದುಹೋಗಿ ನೋಡಿದೆ.