ವೈರಿಗಿ ಹಲ್ಲ ಹಚ್ಚಿದ ಇಲಿ, ನನಗ ಬಾಯಿ ಹಚ್ಚಿದ ಬೀಗತಿ

ಮನಿ ಅಂದ ಮ್ಯಾಲ ವೈರ್ ಇರ್ತಾವ. ವೈರ್ ಇದ್ದಲ್ಲಿ ಇಲಿ ಬರ್ತಾವ. ಇಲಿ ಬಂದಲ್ಲಿಂದ ನನಗ ಫೋನ್ ಬರ್ತದ. ಇದು ನಿಲ್ಲೋ ಹಂಗ ಕಾಣಂಗಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕಿನ್ಯಾಗ ನನ್ನಂಥಾ ವೈರ್‌ಮನ್ ಇನ್ನೊಬ್ಬ ಇಲ್ಲ. ಇದು ನಾ ಹೇಳೋದಲ್ಲ, ಮಂದಿ ಹೇಳ್ತಾರ. ಮಂದಿ ಮರತ್ರ ನಾ ನೆನಪ ಮಾಡಿ ಕೊಡ್ತೇನಿ. ಸಾಲಿ ನಾ ಭಾಳ ಕಲತಿಲ್ಲ. ಅದು ಕರೆಂಟಿಗೂ ಗೊತ್ತದ. ಆದ್ರೂ ನನಗ ಮರ್ಯಾದಿ ಕೊಡ್ತದ.

ಕೊಡದಾಕಿ ಒಬ್ಬಾಕೇ. ಜೇವರ್ಗ್ಯಾಗಿನ ನಮ್ಮ ಬೀಗತಿ, ನನ್ನ ಮಗಳ ಅತ್ತಿ. ಮಗಳು ಚೊಚ್ಚಲ ಬಸುರಿ ಆದ್ಳು. ಚೊಚ್ಚಲ ಬಾಣಂತನ ತವರಮನ್ಯಾಗ ಆಗೋದು ನಮ್ಮ ಕಡಿ ಪದ್ಧತಿ. ಆ ಮಾತು ತಗದ್ರ ಬೀಗತಿ ಅಂದ್ಳು, "ಬೀಗರ, ನಾ ಕಳಸಂಗಿಲ್ಲ. ನೀವು ಕೈ ಹಚ್ಚಿದ ಮನ್ಯಾಗೆಲ್ಲಾ ಇಲಿ ವೈರ್ ಕಡಿತಾವಂತ. ನಾಳಿ ಕೂಸಿನ ತೊಟ್ಟಲ ಮ್ಯಾಲ ವೈರ್ ಸುಟ್ಟು ಬಿದ್ರ ಏನ್ ಮಾಡೋದ್ರಿ?"

ಈ ಮಾತು ನನಗ! "ಯಾರ ಹೇಳಿದ್ರಿ ನಿಮಗ?" ಅಂದೆ.

"ಯಾರ ಹೇಳಿಲ್ಲ ಅಂತ ಕೇಳ್ರಿ" ಅಂದು, ಒಂದೊಂದ ಬೆರಳ ಮಡಚಿ ಮೂರು ಮನಿ ಎಣಿಸಿದ್ಳು.

ಆ ಮೂರೂ ಮನ್ಯಾಗ ಖರೆ ಏನಾಗ್ಯದ ನಾ ಹೇಳ್ತೇನಿ. ಕೇಳಿ, ನಂದು ತಪ್ಪದ ಅನಸಿದ್ರ ಹೇಳ್ರಿ. ಹೇಳಿದ್ರೂ ನಾ ಒಪ್ಪಂಗಿಲ್ಲ.

ಆಳಂದದ ಖಾರ

ಆಳಂದದಾಗ ಮುಸಲ್ಮಾನರ ಮನಿ ಒಂದು. ಮನಿ ಹಿರೇತನ ಎಲ್ಲಾ ಒಬ್ಬ ಮುದುಕಿದು. ಓಣಿಗೆಲ್ಲಾ ಆಕಿ ಆಪಾ, ನನಗೂ ಆಪಾ. ಆಕಿ ಫ್ರಿಜ್ಜಿನ ವೈರ್ ಇಲಿ ಕಡದಿತ್ತು.

ಹೊಸ ವೈರ್ ಹಾಕಿ ಹೇಳಿದೆ, "ಆಪಾ, ಇಲಿ ಹೊಟ್ಟಿ ಹಸದು ವೈರ್ ಕಡಿಯಂಗಿಲ್ಲ. ಅದರ ಹಲ್ಲು ಬೆಳಕೋತ ಹೋಗ್ತಾವ. ಏನರೆ ಕಡದು ಸವಸಬೇಕು. ನೀವು ಪ್ಲಗ್ ಕಿತ್ತು, ವೈರಿಗಿ ಕೆಂಪ ಖಾರ ಹಚ್ಚರಿ. ಒಮ್ಮಿ ಬಾಯಿ ಸುಟ್ಟತಂದ್ರ ಮತ್ತ ಈ ಕಡಿ ಹಾಯಂಗಿಲ್ಲ."

"ಠೀಕ್ ಹೈ ಭಾಯಿ" ಅಂದ್ಳು.

ವಾರ ಕಳದಿರಬೇಕು, ಫೋನ್ ಬಂತು. ಹೋಗಿ ನೋಡ್ತೇನಿ, ವೈರ್ ಅನ್ನೋದ ಉಳದಿಲ್ಲ. ಮ್ಯಾಲಿನ ಪ್ಲಾಸ್ಟಿಕ್ ಪೂರಾ ಹೋಗಿ ತಾಂಬ್ರದ ತಂತಿ ಒಂದ ಫಳಾಫಳಾ ಹೊಳ್ಯಾಕತ್ತಿತ್ತು. ತಟ್ಟಿ ನೆಕ್ಕಿಟ್ಟಂಗ ನೆಕ್ಕಿಟ್ಟಿದ್ವು. ನನ್ನ ಜಲ್ಮದಾಗ ಇಲಿ ಹಿಂಗ ಉಂಡಿದ್ದು ನಾ ನೋಡಿದ್ದಿಲ್ಲ.

"ಆಪಾ, ಖಾರ ಹಚ್ಚಿದ್ರೋ ಇಲ್ಲೋ?"

"ಹಚ್ಚಿದೆ ಭಾಯಿ. ಒಣಾ ಪುಡಿ ನಿಲ್ಲವಲ್ದು, ಉದರಿ ಉದರಿ ಬೀಳಾಕತ್ತು. ಅದಕ ಶೇಂಗಾ ಹುರದು, ಕುಟ್ಟಿ, ಖಾರ ಹಾಕಿ, ಎಣ್ಣ್ಯಾಗ ಕಲಸಿ ಹಚ್ಚಿದೆ. ಈಗ ಛಲೋ ಹತ್ತಿತು."

"ಆಪಾ, ಅದಕ ಶೇಂಗಾ ಹಿಂಡಿ ಅಂತಾರ, ರೊಟ್ಟಿ ಜೋಡಿ ತಿನ್ನೋದು. ಮತ್ತ ಇದೇನಿದು, ಬಳ್ಳೊಳ್ಳಿ ವಾಸನಿ ಬರಾಕತ್ಯದಲ್ಲ?"

ಆಪಾ ನನ್ನ ಮಾರಿ ನೋಡಿದ್ಳು, ಇವನಿಗಿ ಏನೂ ತಿಳಿಯಂಗಿಲ್ಲ ಅನ್ನೋ ಹಂಗ. "ಬಳ್ಳೊಳ್ಳಿ ಇಲ್ಲದ ಹಿಂಡಿ ಯಾರ ತಿಂತಾರ ಭಾಯಿ?"

ಹವಳಗಾದ ಧೋತ್ರ

ಹವಳಗಾ ಕಡಿ ಕಬ್ಬು ಕಡಿಯಾಕ ಸುರು ಆತಂದ್ರ ಹೊಲದಾಗಿನ ಇಲಿ ಎಲ್ಲಾ ಗಂಟು ಮೂಟಿ ಕಟಗೊಂಡು ಊರಾಗ ಬರ್ತಾವ. ಅಲ್ಲೊಬ್ಬ ರೈತ. ಪಡಸಾಲ್ಯಾಗಿನ ಬೋರ್ಡಿನ ವೈರ್ ದಿನಾ ಕಡಿತಾವ ಅಂತ ನನ್ನ ಕರಸಿದ. ನಾ ವೈರಿಗಿ ಕಬ್ಬಣದ ಪೈಪ್ ಹಾಕಿ, ಇದ್ದ ಇಲಿ ಸಿಗಲಿ ಅಂತ ಬೋರ್ಡಿನ ಕೆಳಗ ಗ್ವಾಡಿಗಿ ಹಚ್ಚಿ ಅಂಟಿನ ಹಾಳಿ ಇಟ್ಟೆ. ಇಲಿ ಕಾಲಿಟ್ರ ಅಲ್ಲೇ ಹಿಡಕೋತದ ಅದು. "ಅದರ ಬಾಜೂಕ ಯಾರೂ ಕುಂದ್ರಬ್ಯಾಡ್ರಿ" ಅಂತ ಹೇಳೇ ಹೇಳಿದೆ.

ಮರುದಿನಾನೇ ಅವನ ಮಗಳಿಗಿ ನೋಡಾಕ ಮಂದಿ ಬಂದ್ರು. ಹುಡುಗನ ಅಪ್ಪ ದೊಡ್ಡ ಮನಷ್ಯಾ, ಇಸ್ತ್ರಿ ಮಾಡಿದ ಬಿಳಿ ಧೋತ್ರ. ಎಲ್ಲಿ ಕುಂದ್ರಬೇಕು? ಜಾಗಾ ಹುಡಕಿ ಬೋರ್ಡಿನ ಕೆಳಗ ಗ್ವಾಡಿಗಿ ಆತು ಕುಂತ. ಧೋತ್ರದ ಚುಂಗ ಹೋಗಿ ಹಾಳಿ ಮ್ಯಾಲ ಬಿತ್ತು.

ನಾ ಉಳದ ಕೆಲಸ ಮುಗಸಾಕ ಹೋದಾಂವ ಬಾಗಲದಾಗ ನಿಂತು ನೋಡಿದೆ. ಹಾಳಿ ಈ ತುದಿಗಿ ಹುಡುಗನ ಅಪ್ಪನ ಧೋತ್ರ, ಆ ತುದಿಗಿ ಜೀವಂತ ಇಲಿ. ರೈತನೂ ನೋಡಿದ. ಹೇಳಿದ್ರ ಸಂಬಂಧ ಹೋಗ್ತದ, ಹೇಳದಿದ್ರ ಧೋತ್ರ ಹೋಗ್ತದ. ಅಂವ ಸುಮ್ನ ಮತ್ತೊಂದು ಕಪ್ ಚಾ ಕೊಟ್ಟ.

ಹುಡುಗನ ಅಪ್ಪ ಏಳಾಕ ಹೋದ. ಹಿಂದಿಂದ ಜಗ್ಗಿತು. ಕುಂತ. "ಇನ್ನ ಬರ್ತೇವ್ರಿ" ಅಂತ ಮತ್ತ ಎದ್ದ. ಮತ್ತ ಜಗ್ಗಿತು, ಮತ್ತ ಕುಂತ. ಮತ್ತೊಂದು ಚಾ ಕುಡದ. ಕಡೀಗಿ ಜೋರ ಮಾಡಿ ಎದ್ದ. ಪರ್ ಅಂತ ಚುಂಗ ಹರದು ಹಾಳಿ ಮ್ಯಾಲೇ ಉಳೀತು. ಅಂವ ಹಿಂದ ತಿರಗಿ ನೋಡಲೂ ಇಲ್ಲ, ನಕ್ಕೋತ ಹೊರಗ ಹೋದ.

ಅಂಗಳದಾಗ ತನ್ನ ಮಂದಿಗಿ ಹೇಳಾಕತ್ತಿದ್ದ, "ಸಂಬಂಧ ಇಲ್ಲೇ ಮಾಡೋಣು. ಎಂಥಾ ಮಂದಿ ಅಂತೀರಿ. ಏಳಾಕ ಹೋದ್ರ ಧೋತ್ರ ಹಿಡದು ಕುಂಡ್ರಸ್ತಾರ."

ಅಂದೋಲಾದ ಮಷಿನ್

ಇದು ಸಣ್ಣದು. ಅಂದೋಲಾದಾಗ ಒಬ್ಬ ಕಿರಾಣಿ ಅಂಗಡಿಯಾಂವ. ನಾ ತಂತಿ ಜಾಳಗಿ ಹೊಡಿತೇನಿ ಅಂದ್ರ ಬ್ಯಾಡ ಅಂದ. ಮೊಬೈಲಿನ್ಯಾಗ ನೋಡಿ ಇಲಿ ಓಡಸೋ ಮಷಿನ್ ತರಸಿದ್ದ. ಪ್ಲಗ್ಗಿಗಿ ಹಾಕಿದ್ರ ಸಪ್ಪಳ ಮಾಡ್ತದಂತ. ಆ ಸಪ್ಪಳ ಮನಷ್ಯಾರಿಗಿ ಕೇಳಸಂಗಿಲ್ಲ, ಇಲಿಗಿ ತಡಕೊಳ್ಳಾಕ ಆಗಂಗಿಲ್ಲಂತ.

ನಾಕು ದಿನ ಬಿಟ್ಟು ಹೋದೆ. ಮಷಿನ್ನಿನ ದೀಪ ಹೋಗಿತ್ತು. ಎತ್ತಿ ನೋಡಿದ್ರ ಬ್ಯಾರೆ ಒಂದೂ ವೈರ್ ಮುಟ್ಟಿಲ್ಲ, ಬರೋಬ್ಬರಿ ಮಷಿನ್ನಿಂದೇ ವೈರ್ ಕಡದಾವ. ಇಷ್ಟು ವರ್ಷದಾಗ ಇಲಿಗಿ ನಾ ಮೊದಲ ಸಲ ಹೆದರಿದೆ.

"ನೋಡ್ರಿ ಸಾವಕಾರ, ಏನ್ ಮಾಡ್ಯಾವ" ಅಂದೆ.

ಅವನ ಮಾರಿ ಅರಳಿತು. "ನಾ ಹೇಳಿದ್ನಿಲ್ಲೋ ಮಾರಾಯ? ಸಪ್ಪಳ ತಡಿಲಾರದ ಬಂದ್ ಮಾಡ್ಯಾವ. ಮಷಿನ್ ಛಲೋ ಅದ. ಇನ್ನೊಂದು ತರಸ್ತೇನಿ."

ಜೇವರ್ಗಿ ಅಟ್ಟ

ಇಷ್ಟೆಲ್ಲಾ ಬಿಡಸಿ ಹೇಳಿದ್ರೂ ಬೀಗತಿ ಕರಗಲಿಲ್ಲ.

"ಬಾಯಿ ಮಾತು ಬ್ಯಾಡ್ರಿ ಬೀಗರ. ನಮ್ಮ ಹೊಸಾ ಮನಿ ಕಟ್ಟಾಕತ್ತೇವಿ. ವೈರಿಂಗ್ ನೀವೇ ಮಾಡ್ರಿ. ಸೊಸಿ ಸೀಮಂತದ ಕುಬಸದ ತನಕ ಒಂದ ವೈರಿಗೂ ಇಲಿ ಹಲ್ಲು ಹತ್ತಲಿಲ್ಲಂದ್ರ, ಅವತ್ತೇ ನಿಮ್ಮ ಸಂಗಟ ಕಳಸ್ತೇನಿ. ಹತ್ತಿತಂದ್ರ ಬಾಣಂತನ ಇಲ್ಲೇ, ನಾನೇ ಮಾಡ್ತೇನಿ."

"ಆಗಲಿ" ಅಂದೆ.

"ಮತ್ತೊಂದು. ಬಸುರಿ ಇದ್ದ ಮನಿ. ಔಷಧ ಇಡಬ್ಯಾಡ್ರಿ, ಬೋನೂ ಇಡಬ್ಯಾಡ್ರಿ. ಒಂದು ಜೀವಾ ಹೊಡಿಬಾರ್ದು."

ಕೈ ಕಟ್ಟಿ ಕುಸ್ತಿಗಿ ಬಿಟ್ಟಂಗಾತು. ಆದ್ರ ಕುಸ್ತಿ ಆಡಾಂವ ನಾ. ಅಂಥಾ ಕೆಲಸ ಈ ಮೂರು ತಾಲೂಕಿನ್ಯಾಗ ಯಾರೂ ಮಾಡಿಲ್ಲ, ಇನ್ನ ಮಾಡಂಗೂ ಇಲ್ಲ. ಗ್ವಾಡ್ಯಾಗ ಎಲ್ಲಾ ವೈರ್ ಪೈಪಿನೊಳಗ. ಪೈಪ್ ಹಾಯೋ ಪ್ರತಿ ತೂತಿಗಿ ಕಬ್ಬಣದ ಜಾಳಗಿ ತುರಕಿ, ಮ್ಯಾಲ ಸಿಮಿಟ್. ಎಲ್ಲಾ ಫ್ಯಾನಿನ ವೈರ್ ಬಂದು ಕೂಡೋದು ಅಟ್ಟದಾಗ. ಅಟ್ಟದ ಸುತ್ತಾ ಜಾಳಗಿ, ಬಾಯಿಗಿ ತಗಡಿನ ಬಾಗಲಾ. ಇರವಿ ಬರಬೇಕಂದ್ರೂ ನನ್ನ ಕೇಳಬೇಕು. ಅದಕ ಅಟ್ಟದೊಳಗ ವೈರಿಗಿ ಪೈಪ್ ಹಾಕಲಿಲ್ಲ. ಇಲಿ ಬರದಲ್ಲಿ ಪೈಪ್ ಯಾಕ?

ಮನಿ ಪ್ರವೇಶದ ದಿನ ಹೆಣ್ಣಿನ ಕಡಿಯಾಂವ ಬರಿಗೈಲೆ ಹೋಗಬಾರ್ದಲ್ರಿ. ನಮ್ಮ ಮನ್ಯಾಗಿಂದ ಒಂದು ಚೀಲ ಬಿಳಿಜೋಳ ಒಯ್ದೆ. ಚೀಲದ ಬಾಯಿ ಕೆಂಪು ವೈರಿಲೆ ಬಿಗದಿದ್ದೆ. ಯಾರ ಕೊಟ್ಟಾರ ಅಂತ ನೋಡಿದವರಿಗಿ ಗೊತ್ತಾಗಬೇಕು. ಬೀಗತಿ, "ಹಳೀ ಜೋಳ ತೀರೋ ತನಕ ಮ್ಯಾಲ ಇರಲಿ" ಅಂತ ಅಟ್ಟಕ್ಕ ಇಡಸಿದ್ಳು. ನಾ ತಗಡಿನ ಬಾಗಲಾ ಮುಚ್ಚಿ ಸ್ಕ್ರೂ ಜಡದು, ಕೈ ಝಾಡಸಿ ಇಳದೆ.

ಕುಬಸದ ದಿನ ಬಂತು. ಮಗಳಿಗಿ ಹಸರ ಸೀರಿ ಉಡಸಿ, ಹಸರ ಬಳಿ ಇಡಸಿ, ನಡುವ ಕುಂಡ್ರಸಿದ್ರು. ಓಣಿ ಹೆಂಗಸರೆಲ್ಲಾ ಸುತ್ತ ಕುಂತು ಹಾಡು ಹೇಳಾಕತ್ತಿದ್ರು. ನಾ ಮೀಸಿ ತೀಡಕೋತ ಫ್ಯಾನಿನ ಕೆಳಗ ಕುಂತಿದ್ದೆ. ಮ್ಯಾಲ ಚಟ್ ಅಂತು. ಫ್ಯಾನ್ ನಿಂತ್ವು. ಹಾಡೂ ನಿಂತ್ವು.

ಎಲ್ಲಾರೂ ನನ್ನ ನೋಡಾಕತ್ರು.

"ಕರೆಂಟ್ ಹೋಗ್ಯದ" ಅಂದೆ.

"ಬಾಜೂ ಮನಿ ಫ್ಯಾನ್ ತಿರಗಾಕತ್ಯದಲ್ರಿ ಬೀಗರ" ಅಂದ್ಳು ಬೀಗತಿ.

"ಅವರ ಲೈನ್ ಬ್ಯಾರೆ."

"ಇಬ್ಬರಿಗೂ ಒಂದೇ ಕಂಬ."

ಮಗಳ ಕಣ್ಣಾಗ ನೀರು ಬಂದ್ವು. ನಾ ಮೇನ್ ಬಂದ್ ಮಾಡಿ ನಿಚ್ಚಣಿಕಿ ಏರಿದೆ. ನಾ ಜಡದ ಸ್ಕ್ರೂ ನನಗೇ ಬಿಚ್ಚವಲ್ವು. ಅಷ್ಟು ಗಟ್ಟಿ ಕೆಲಸ ಅದು. ಕಡೀಗಿ ಬಾಗಲಾ ತಗದು ಒಳಗ ಹೊಕ್ಕು ಬ್ಯಾಟರಿ ಬೆಳಕು ಬಿಟ್ಟೆ.

ಎಷ್ಟೋ ಸಲ ಕರೆಂಟ್ ಹೊಡಸ್ಕೊಂಡಾಂವ ನಾ. ಇಂಥಾ ಹೊಡತ ಎಂದೂ ಬಿದ್ದಿದ್ದಿಲ್ಲ.

ಜಾಳಗಿ ಹಂಗೇ ಅದ. ಸಿಮಿಟ್ ಹಂಗೇ ಅದ. ಹೊರಗಿಂದ ಒಂದು ಇಲೀನೂ ಬಂದಿಲ್ಲ. ನಾ ಕೊಟ್ಟ ಚೀಲಕ್ಕ ಒಂದು ತೂತು. ತೂತಿನ ಮುಂದ ನನ್ನ ವೈರಿನ ಪ್ಲಾಸ್ಟಿಕ್ ಸಣ್ಣಗ ಕಡದು ಹಾಸಿದ ಮೆತ್ತನ ಹಾಸಗಿ. ಹಾಸಗಿ ಮ್ಯಾಲ ತಾಯಿ, ತಾಯಿ ಮಗ್ಗಲಿಗಿ ಕಣ್ಣು ಬಿಡದ ಕೆಂಪನ್ನ ಮರಿ. ನಮ್ಮ ಮನಿ ಇಲಿ ಚೀಲದಾಗ ಕುಂತು ಬಂದಿತ್ತು. ಹೊರಗ ಹೋಗಾಕ ದಾರಿ ಬೇಕಲ್ಲ? ಅದು ನಾ ಬಿಟ್ಟಿದ್ದಿಲ್ಲ.

"ಏನದ್ರಿ?" ಅಂತ ಬೀಗತಿ ಸೆರಗು ನಡಕ್ಕ ಕಟ್ಟಿ ನನ್ನ ಹಿಂದೇ ಏರಿ ಬಂದ್ಳು. ಬಗ್ಗಿ ನೋಡಿದ್ಳು. ಚೀಲದ ಕೆಂಪು ವೈರ್ ನೋಡಿದ್ಳು. ನನ್ನ ನೋಡಿದ್ಳು. ನಿಚ್ಚಣಿಕಿ ಮ್ಯಾಲೇ ನಿಂತು, ಕೆಳಗ ಕುಂತವರಿಗೆಲ್ಲಾ ಕೇಳೋ ಹಂಗ ಶುರು ಮಾಡಿದ್ಳು.

"ಬರ್ರಿ, ನೋಡ್ರೆವ್ವಾ. ನಮ್ಮ ಬೀಗರು ಮಗಳ ಜೋಡಿ ಇಲಿನೂ ಕೊಟ್ಟಾರ. ಅದೂ ಬಸುರಿ ಇಲಿ. ಅಲ್ರಿ ಬೀಗರ, ಬಾಣಂತನ ಅಂದ್ರ ತವರಮನಿಯವರು ಮಾಡಬೇಕು. ಅದು ಪದ್ಧತಿ. ನಿಮ್ಮ ಮನಿ ಇಲಿ ಬಾಣಂತನ ನಾವ್ಯಾಕ ಮಾಡಬೇಕು? ಈಗಿಂದೀಗ ಕರಕೊಂಡು ನಡೀರಿ."

ಹೆಂಗಸರು ಹೊಟ್ಟಿ ಹಿಡಕೊಂಡು ನಕ್ರು. ನನಗ ಭೂಮಿ ಬಾಯಿ ತೆರದ್ರ ಸಾಕಾಗಿತ್ತು. ಶರತ್ತೂ ಹೋತು, ಮರ್ಯಾದಿನೂ ಹೋತು, ಮಗಳೂ ಇಲ್ಲೇ ಉಳದ್ಳು ಅಂತ ತಲಿ ತಗ್ಗಿಸಿ ಅಟ್ಟದಾಗೇ ಕುಂತೆ.

ಆವಾಗ ಮಗಳು ಎದ್ದು ನಿಂತ್ಳು. ಹಸರ ಬಳಿ ಗಲ್ ಅಂದ್ವು. "ಹೌದ್ರಿ ಅತ್ತಿ. ಪದ್ಧತಿ ಅಂದ್ರ ಪದ್ಧತಿ. ನಂದೂ ಚೀಲ ತುಂಬ್ಕೋತೇನಿ."

ಒಬ್ಬ ಮುದುಕಿ ಕುಂತಲ್ಲಿಂದೇ ಬೀಗತಿಗಿ ಅಂದ್ಳು, "ಇಲಿಗಿ ಒಂದು ನ್ಯಾಯ, ಸೊಸಿಗಿ ಒಂದು ನ್ಯಾಯ ಮಾಡಬ್ಯಾಡವ್ವಾ. ಈಗ ಆಡಿದಿ, ಎಲ್ಲಾರೂ ಕೇಳೇವಿ."

ಬೀಗತಿ ಇಳದು ಬಂದು, ಮಗಳ ಉಡಿ ತುಂಬಿ, ತಾನೇ ಬುತ್ತಿ ಕಟ್ಟಿ ಕೊಟ್ಟಳು. ನಾ ಕಡದ ವೈರ್ ಜೋಡಿಸಿ ಫ್ಯಾನ್ ತಿರಗಸಿದೆ. ಈ ಸಲ ಪೈಪ್ ಹಾಕಿದೆ.

ನಮ್ಮೂರು ಅಫಜಲಪುರಕ್ಕ ಹೊಂಟ ಕ್ರೂಸರ್ ಗಾಡಿ ಹತ್ತಿದ್ವಿ. ಮಗಳು ಡ್ರೈವರಿನ ಬಾಜೂಕ, ನಾ ಹಿಂದ ತೊಡಿ ಮ್ಯಾಲ ಚೀಲ ಇಟಗೊಂಡು ಕುಂತೆ. ಜೋಳ ಬೀಗರಿಗಿ ಸುರುವಿ ಕೊಟ್ಟು, ಚೀಲದ ತೂತಿಗಿ ಗಂಟ ಹಾಕಿ, ತಾಯಿ ಮರಿ ಹಾಸಗಿ ಸಮೇತ ಅದರಾಗ ಹಾಕೊಂಡಿದ್ದೆ. ಊರ ಹೊರಗ ಹೊಲದಾಗ ಬಿಡೋಣು ಅಂದ್ರ ಮಗಳು ಒಪ್ಪಲಿಲ್ಲ. ಮರಿ ಕಣ್ಣು ಬಿಡೋ ತನಕ ಮನಿ ಹಿಂದಿನ ಕೊಟ್ಟಿಗ್ಯಾಗ ಇರಬೇಕಂತ.

ಚೀಲದಾಗ ಚೀಂವ್ ಅಂತು. ಡ್ರೈವರ್ ಕನ್ನಡ್ಯಾಗ ನೋಡಿದ. "ಕಾಕಾ, ಚೀಲದಾಗ ಏನದ?"

ಬಾಯಿಗಿ ಬಂದದ್ದು ಹೇಳಿದೆ. "ಬಾಣಂತಿ."

"ಬಾಣಂತಿ ಇಲ್ಲಿ ನನ್ನ ಬಾಜೂಕ ಕುಂತಾರಲ್ರಿ?"

"ಆಕಿ ಬಸುರಿ. ಬಾಣಂತಿ ಚೀಲದಾಗ ಅದಾಳ. ಕೂಸೂ ಅದಾವ."

ಡ್ರೈವರ್ ಗಾಡಿ ರೋಡಿನ ಮಗ್ಗಲಿಗಿ ಹಚ್ಚಿ ನಿಂದರಸಿದ. ಹಿಂದ ತಿರಗಿ ನನ್ನ ನೋಡ್ತಾನ, ಚೀಲ ನೋಡ್ತಾನ, ಇಳದು ಓಡ್ಲೋ ಇರಲೋ ಅನ್ನೋ ಹಂಗ ಬಾಗಲಾ ನೋಡ್ತಾನ.

ಮಗಳು ಸೆರಗು ಹೊಚ್ಚಿಕೊಂಡು ಸಮಾಧಾನಲೆ ಅಂದ್ಳು, "ಅಣ್ಣಾ, ಗಾಡಿ ಹೊಡೀರಿ. ಹಂಗೇ ಆ ಕಿಡಕಿ ಏರಸ್ರಿ. ಬಾಣಂತಿಗಿ ಗಾಳಿ ತಾಗಬಾರ್ದು."