ರುಕ್ಮಿಣಿಬಾಯಿಯ ಜೀವಕೋಶಗಳ ಮೇಲೆ ನನ್ನ ತಕರಾರು

ನನ್ನ ಧರ್ಮಪತ್ನಿ ರುಕ್ಮಿಣಿಬಾಯಿಯ ದೇಹದಲ್ಲಿ ಅರವತ್ತಾರು ವರ್ಷಗಳಿಂದ ಬಾಡಿಗೆಯಿಲ್ಲದೆ ಸುಖವಾಗಿ ವಾಸಿಸುತ್ತಿರುವ ಸಮಸ್ತ ಜೀವಕೋಶಗಳ ಸನ್ನಿಧಿಗೆ, ಏಳನೆಯ ಇಯತ್ತೆಯಲ್ಲಿ ಇಡೀ ಶಾಲೆಗೇ ಮೊದಲಿಗನಾಗಿ ಪಾಸಾಗಿ, ಕಲಿಯುವುದು ಇನ್ನೇನೂ ಉಳಿದಿಲ್ಲವೆಂದು ಶಾಲೆ ಬಿಟ್ಟ ಮುಡಬಿಯ ಮಹಾರುದ್ರಪ್ಪನ ಶರಣು ಶರಣಾರ್ಥಿ.

ಮಾನ್ಯರೇ,

ತಾವು ಕಣ್ಣಿಗೆ ಕಾಣದಷ್ಟು ಸಣ್ಣವರಾದರೂ ತಮ್ಮ ಉಪಟಳ ಸಣ್ಣದಲ್ಲ. ಹೋದ ವರ್ಷ ಬಸವಕಲ್ಯಾಣದ ಆರೋಗ್ಯ ಶಿಬಿರಕ್ಕೆ ಈಕೆಯನ್ನು ಕರೆದೊಯ್ದ ಜಾಣ ನಾನೇ. ಪ್ರತಿ ಕೋಶದೊಳಗೂ ದಾರದಂಥದ್ದು ಇರುತ್ತದೆ, ಹಗ್ಗ ಬಿಚ್ಚದಿರಲೆಂದು ತುದಿಗೆ ಗಂಟು ಹಾಕಿದಂತೆ ಅದರ ತುದಿಗೂ ಒಂದು ಕಾಪು ಇರುತ್ತದೆ, ವಯಸ್ಸಾದಂತೆ ಅದು ಸವೆಯುತ್ತದೆ, ಸೊಪ್ಪು ಕಾಳು ಉಂಡು ದಿನಾ ಬಿರುಸಾಗಿ ನಡೆದರೆ ಸವೆತ ನಿಧಾನವಾದರೂ ಆದೀತು ಎಂದು ಅಲ್ಲಿಯ ಡಾಕ್ಟರ್‌ಬಾಯಿಯವರು ಹೇಳಿದರು. ಅವರು ಅನುಮಾನವಿಟ್ಟೇ ಹೇಳಿದ್ದನ್ನು ತಾವು ಸರ್ಕಾರಿ ಹುಕುಂ ಎಂದು ತಲೆಯ ಮೇಲೆ ಹೊತ್ತುಕೊಂಡಿರಿ.

ಅಂದಿನಿಂದ ನನ್ನ ಮಿರ್ಚಿ ಭಜಿಯ ಜಾಗದಲ್ಲಿ ಮೊಳಕೆಯೊಡೆದ ಮಡಕಿಕಾಳು ಮತ್ತು ಹತ್ತರಕಿ ಸೊಪ್ಪಿನ ಪಲ್ಯ ಬಂದು ಕೂತಿವೆ. ಮೊದಲು ಅಡುಗೆಮನೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಮೂರು ದೇವರನ್ನು ಕರೆಯುತ್ತಿದ್ದ ಹೆಂಗಸು, ಈಗ ಬೆಳಗಾದರೆ ಶಾಲೆಯ ಮೈದಾನ ಸುತ್ತುತ್ತಾಳೆ. ಜೊತೆಗೆ ಹೋದ ಸೊಸೆ ಶೀತಲ್ಲೇ ಈಕೆಗಿಂತ ಹಿಂದೆ ಬೀಳುತ್ತಾಳೆ. ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮ್ಮಂಥವರನ್ನು ತಹಶೀಲ ಕಚೇರಿಯಲ್ಲಿ ಕೂಡಿಸಿದ್ದರೆ ಈ ತಾಲೂಕು ಎಂದೋ ಉದ್ಧಾರವಾಗುತ್ತಿತ್ತು.

ಇಷ್ಟನ್ನೂ ಸಹಿಸಿದೆ. ಆದರೆ ಎಳ್ಳಮಾವಾಸ್ಯೆಯಂದು ಭೂತಾಯಿಗೆ ಎಡೆಯಿಟ್ಟ ಅನ್ನವನ್ನು ಹೊಲದ ಸುತ್ತ ಚೆಲ್ಲುತ್ತ ಹೋಗುವ ಚರಗವಿದೆಯಲ್ಲ, ಅದು ನಮ್ಮಲ್ಲಿ ಮನೆಯ ಯಜಮಾನನ ಹಕ್ಕು. ಈ ಸಲ ನಾನು ಎಂದಿನ ಗತ್ತಿನಲ್ಲಿ ಬುಟ್ಟಿ ಹೊತ್ತು ಹೊರಟವನು ಬಾವಿಯ ಹತ್ತಿರ ಉಸಿರು ಸಾಲದೆ, ಬೆಳೆ ನೋಡುವ ನೆಪ ಮಾಡಿ ಬದುವಿನ ಮೇಲೆ ಕೂತೆ. ಈಕೆ ಬಂದು, "ನೀವು ಜ್ವಾಳಾ ನೋಡ್ಕೋತ ಕೂಡ್ರಿ, ಅದೇನ್ ಎದ್ದು ಓಡಂಗಿಲ್ಲ" ಎಂದು ಬುಟ್ಟಿ ಇಸಿದುಕೊಂಡು ಉಳಿದ ಹೊಲವನ್ನೆಲ್ಲ ಸುತ್ತಿ ಬಂದಳು. ಏದುಸಿರು ಕೂಡ ಇಲ್ಲ. ಪಕ್ಕದ ಹೊಲದ ಗುರುಲಿಂಗ, "ಕಾಕಾ, ಮುಂದಿನ ವರ್ಷದಿಂದ ಕಾಕೂನೇ ಚರಗ ಚೆಲ್ಲಲಿ ಬಿಡ್ರಿ, ನೀವು ಪಂಕ್ತಿಗೆ ಮೊದಲ ಕೂಡಾಕ ಅದೀರಲ್ಲ" ಎಂದ. ಮನೆಯವರೆಲ್ಲ ಬಾಯಿತುಂಬ ಅಂಬಲಿಯಿಟ್ಟುಕೊಂಡೇ ಹೂಂ ಅಂದುಬಿಟ್ಟರು.

ಆದಕಾರಣ ತಾವು ದಯಮಾಡಿ, ಬರುವ ಎಳ್ಳಮಾವಾಸ್ಯೆಗೆ ಮುಂಚಿನ ಒಂದು ತಿಂಗಳಾದರೂ ತಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಮುದುಕರಂತೆ ನಡೆದುಕೊಳ್ಳಬೇಕು. ಅದು ಆಗದಿದ್ದರೆ ತಮ್ಮಲ್ಲಿ ಚುರುಕಾದ ಒಂದೆರಡು ಲಕ್ಷ ಮಂದಿಯನ್ನು ನನ್ನ ಮೊಣಕಾಲಿಗೆ ಡೆಪ್ಯುಟೇಶನ್ ಮೇಲೆ ಕಳಿಸಬೇಕು. ಊಟ ವಸತಿಯ ಜವಾಬ್ದಾರಿ ನನ್ನದು. ಇದನ್ನು ಬರೆಯುತ್ತಿರುವಾಗಲೇ ತಮ್ಮ ಮಾಲಕಿ ನನ್ನ ಹೆಗಲ ಮೇಲಿಂದ ಇಣುಕಿ, "ಕೋಶಕ್ಕ ಕಾಗದ ಬರ್ಯೋದ್ರಾಗ ಎರಡು ಸುತ್ತ ಆಗ್ತಿದ್ದುವಲ್ರಿ" ಎಂದು ನನ್ನ ಚಪ್ಪಲಿ ತಂದು ಎದುರಿಗೆ ಇಟ್ಟು ಹೋಗಿದ್ದಾರೆ.

ಒಂದೇ ಸೂರಿನಡಿ ತಮ್ಮ ಕಾಟ ಅನುಭವಿಸುತ್ತಿರುವ,
ತಮ್ಮ ವಿಶ್ವಾಸಿ,
ಮಹಾರುದ್ರಪ್ಪ, ಮುಡಬಿ

ತಾ.ಕ.: ಮೇಲಿನದನ್ನು ಬರೆದು ಎರಡು ದಿನವಾಯಿತು. ಚರಗದ ಬುಟ್ಟಿ ಕೈಬಿಡಲು ಮನಸ್ಸಾಗದೆ, ನಿನ್ನೆಯಿಂದ ನಾನೂ ಮೈದಾನಕ್ಕೆ ಇಳಿದಿದ್ದೇನೆ. ರಸ್ತೆಯ ಮೇಲೆ ಹೋಗುವವರಿಗೆ ನಾನು ಮುಂದೆ, ರುಕ್ಮಿಣಿಬಾಯಿ ನನ್ನ ಬೆನ್ನ ಹಿಂದೆ ಬರುತ್ತಿರುವಂತೆ ಕಾಣುತ್ತದೆ. ಆಕೆ ನನಗಿಂತ ಒಂದು ಸುತ್ತು ಮುಂದಿದ್ದಾಳೆಂಬುದು ನನಗೆ ಮತ್ತು ತಮಗೆ ಮಾತ್ರ ಗೊತ್ತು. ತಾವು ಬಾಯಿಲ್ಲದವರೆಂಬ ಒಂದೇ ಗುಣವನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ.