ಅವ್ವನ ಪಾಲಿನ ಹಾಗಲಕಾಯಿ

ತುಂಬಿದ ಬುಟ್ಟಿಯ ಮೇಲೆ, ಬಾಳೆನಾರಿನಿಂದ ಬೇರೆಯಾಗಿ ಕಟ್ಟಿಟ್ಟ ಒಂದು ಹಿಡಿ ಹಾಗಲಕಾಯಿ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಕಾಣುತ್ತಿದ್ದುದು ಅದು. ಮನೆಯಲ್ಲಿ ಅದನ್ನು ತಿನ್ನುವವರು ಯಾರೂ ಇರಲಿಲ್ಲ. ಅಪ್ಪನಿಗೆ ಕಹಿ ಸೇರದು. ನನಗೆ ಅದರ ಮೈಮೇಲಿನ ಗಂಟು ನೋಡಿದರೇ ಸಾಕು.

ನಮ್ಮ ಮನೆಗೆ ತರಕಾರಿ ಸಂತೆಯಿಂದ ಬರುತ್ತಿರಲಿಲ್ಲ. ಕುರುಗೋಡಿನ ಕೆಲವು ತೋಟದವರು ಸೇರಿ ಬಳ್ಳಾರಿಯ ಮನೆಗಳಿಗೆ ವರ್ತನೆ ಹಾಕುತ್ತಿದ್ದರು. ಯುಗಾದಿಗೆ ಮುಂಗಡ ಕೊಟ್ಟರೆ ವಾರಕ್ಕೊಂದು ಬುಟ್ಟಿ. ಅದರಲ್ಲಿ ಏನಿರಬೇಕೆಂದು ನಾವು ಹೇಳುವಂತಿಲ್ಲ, ಹೊಲ ಹೇಳಬೇಕು. ಹೊಲಕ್ಕೆ ಹಟ ಬಹಳ. ಹೀರೇಕಾಯಿ ಎಂದರೆ ತಿಂಗಳುಗಟ್ಟಲೆ ಹೀರೇಕಾಯಿಯೇ. ಪಲ್ಯ ಮುಗಿದು, ಸಿಪ್ಪೆಯ ಚಟ್ನಿ ಮುಗಿದು, ಬಲಿತದ್ದರಲ್ಲಿ ಬೆನ್ನು ತಿಕ್ಕಿಕೊಂಡದ್ದೂ ಉಂಟು.

ಈ ಏರ್ಪಾಡು ಅವ್ವನದು. ಆಗ ಮನೆ ತುಂಬ ಮಂದಿ. ಅಜ್ಜಿ ಹೋದಳು, ಅಕ್ಕ ಸಿರುಗುಪ್ಪದ ಸೊಸೆಯಾದಳು. ಬುಟ್ಟಿ ಮಾತ್ರ ಚಿಕ್ಕದಾಗಲಿಲ್ಲ. ಒಂದು ಬೇಸಿಗೆಯಲ್ಲಿ ತೋಟದ ಬಾವಿ ಬತ್ತಿ ವರ್ತನೆ ನಿಂತಿತ್ತು. ಅಕ್ಕನನ್ನು ನೋಡಲು ಸಿರುಗುಪ್ಪಕ್ಕೆ ಹೋದ ಅವ್ವ ಅಲ್ಲಿಯೇ ಜ್ವರ ಬಂದು ತೀರಿಕೊಂಡಳು.

ಮಳೆಯಾದ ಮೇಲೆ ತೋಟದ ಈರಮ್ಮ ಮತ್ತೆ ಬುಟ್ಟಿ ಹೊತ್ತು ಬಂದಳು. "ಅವ್ವಾರು ಎಲ್ಲಿ ಅದಾರ್ರಿ?"

"ಸಿರುಗುಪ್ಪಕ್ಕ ಹೋಗ್ಯಾಳ," ಎಂದರು ಅಪ್ಪ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಾತು ತೂಗಿ ಆಡುವುದನ್ನು ನಾನು ಅಪ್ಪನಿಂದಲೇ ಕಲಿತದ್ದು.

"ಮಗಳ ಮನಿ, ಅಷ್ಟು ಜಲ್ದಿ ಬಿಡ್ತಾರೇನ್ರಿ? ಈ ಹಾಗಲಕಾಯಿ ಅವ್ವಾರಿಗೆ ಅಂತ ಹರಕೊಂಡು ಬಂದೀನಿ. ನೀವು ತಿಂದುಗಿಂದೀರಿ ಮತ್ತ!"

ನಾವೇಕೆ ತಿನ್ನೋಣ? ನಮ್ಮ ಓಣಿಯಲ್ಲಿ ವರ್ತನೆಯ ಮನೆ ನಮ್ಮದೊಂದೇ, ಉಳಿದವೆಲ್ಲ ಬ್ರೂಸ್‌ಪೇಟೆಯಲ್ಲಿ; ಈರಮ್ಮನಿಗೆ ನಿಜ ಹೇಳುವವರು ಯಾರೂ ಇರಲಿಲ್ಲ. ಈ ವಾರವಾದರೂ ಬಂದಿದ್ದಾರೆಂದು ಅವ್ವನ ಪಾಲು ಪ್ರತಿ ವಾರ ಬಂತು. ನಾನು ಕೆಲಸಕ್ಕಿದ್ದ ಕಾಲೇಜಿಗೆ ಅದನ್ನು ಒಯ್ದು ಹಂಚತೊಡಗಿದೆ. ಅಧ್ಯಾಪಕರಲ್ಲಿ ಸಕ್ಕರೆ ಕಾಯಿಲೆಯಿದ್ದವರೆಲ್ಲ ನನ್ನನ್ನು ಅಕ್ಕರೆಯಿಂದ ಕಂಡರು. ಬೇರೆ ಯಾವ ಗುಣಕ್ಕೂ ಯಾರೂ ಹಾಗೆ ಕಂಡದ್ದಿಲ್ಲ.

"ಈರಮ್ಮಗ ಹೇಳಿಬಿಡೋಣೇನಪ್ಪಾ?" ಎಂದು ಒಮ್ಮೆ ಕೇಳಿದೆ.

"ಏನು ಅವಸರ ಐತಿ?" ಎಂದು ಪತ್ರಿಕೆ ಮಗುಚಿದರು.

ಅವಸರವಿರಲಿಲ್ಲ, ನಿಜ. ಅವ್ವ ಹೋದಮೇಲೆ ಅಪ್ಪ ನಾಲ್ಕು ಮಾತಾಡುತ್ತಿದ್ದುದು ಸೋಮವಾರ ಮಾತ್ರ, ಅದೂ ಈರಮ್ಮನ ಜೊತೆ. ಅವರ ಮಾತಿನಲ್ಲಿ ಅವ್ವ ಸಿರುಗುಪ್ಪದಲ್ಲಿ ಮೊಮ್ಮಗನನ್ನು ಆಡಿಸುತ್ತಿದ್ದಳು, ಮೊಣಕಾಲು ನೋವೆನ್ನುತ್ತಿದ್ದಳು. ಒಳಗೆ ಸೊಪ್ಪು ಬಿಡಿಸುತ್ತ ನಾನೂ ಕೇಳಿಸಿಕೊಳ್ಳುತ್ತಿದ್ದೆ. ಅವ್ವ ಇನ್ನೂ ಇದ್ದ ಜಾಗ ಲೋಕದಲ್ಲಿ ನಮ್ಮ ಹೊಸ್ತಿಲೊಂದೇ. ಅದನ್ನು ಮುಚ್ಚುವವರು ಯಾರು?

ಸೀಗಿ ಹುಣ್ಣಿಮೆ ಕಳೆದ ಸೋಮವಾರ ಈರಮ್ಮ ಬುಟ್ಟಿ ಇಳಿಸಿ, ಸೆರಗಿನಿಂದ, ಮುತ್ತೈದೆಯರಿಗೆ ಕೊಡುವ ಒಂದು ಹಸಿರು ಕುಪ್ಪಸದ ಖಣ ತೆಗೆದಳು. "ಹೊಲದ ಪೂಜಿ ಮಾಡಿದ್ವಿ. ಅವ್ವಾರಿಗೆ ಉಡಿ ತುಂಬಬೇಕಿತ್ತು. ಬರೂತನ ನಿಮ್ಮ ಕಡಿ ಇರಲ್ರಿ."

ಅಪ್ಪ ಕೈ ಚಾಚಿದರು. ಖಣ ಕೈಗೆ ಬಿದ್ದದ್ದೇ ತಡ, ಅದನ್ನು ನನ್ನ ಕೈಗಿಟ್ಟು ಒಳಗೆ ಹೋಗಿಬಿಟ್ಟರು.

"ಯಾಕ್ರಿ, ಅಪ್ಪಾರಿಗೆ ಆರಾಮಿಲ್ಲೇನು?"

"ಇಲ್ಲ," ಎಂದೆ. ಬ್ರೂಸ್‌ಪೇಟೆಯ ಬುಟ್ಟಿಗಳು ಕಾಯುತ್ತಿದ್ದವು, ಅವಳು ಹೋದಳು.

ಸಂಜೆ ಅಪ್ಪ ಗೋಡೆ ನೋಡುತ್ತ ಹೇಳಿದರು: "ಆ ಖಣ ವಾಪಸ್ ಕೊಟ್ಟು ಬಾರವ್ವ. ನನ್ನ ಕೈಲೆ ಆಗಂಗಿಲ್ಲ."

ಮರುದಿನ ಬೆಳಿಗ್ಗೆ ರಜೆ ಹಾಕಿ ಕುರುಗೋಡಿನ ಬಸ್ಸು ಹತ್ತಿದೆ. ತೊಡೆಯ ಮೇಲೆ ಖಾಲಿ ಬುಟ್ಟಿ, ಅದರಲ್ಲಿ ಖಣ. ಹೇಳಬೇಕಾದ ಒಂದು ವಾಕ್ಯವನ್ನು ದಾರಿಯುದ್ದಕ್ಕೂ ತಿದ್ದಿದೆ. ತೋಟದಲ್ಲಿ ಈರಮ್ಮ ಖಣ ನೋಡಿದಳು, ನನ್ನ ಮುಖ ನೋಡಿದಳು; ವಾಕ್ಯ ಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅಳದಷ್ಟು ದೊಡ್ಡ ದನಿಯಲ್ಲಿ ಬದುವಿನ ಮೇಲೆ ಕುಳಿತು ಅತ್ತಳು. ನಾನು ಅವಳ ಸೆರಗಿಗೆ ಹತ್ತಿದ ಹುಲ್ಲು ಬಿಡಿಸುತ್ತ ನಿಂತೆ.

"ಈಗ ಮನ್ಯಾಗ ಎಷ್ಟು ಮಂದಿ ಅದೀರ್ರಿ?"

"ಇಬ್ರು."

ಅವಳು ಗೂಟದಿಂದ ಒಂದು ಸಣ್ಣ ಬುಟ್ಟಿ ಇಳಿಸಿ ತುಂಬಿದಳು. ಹಾಗಲಬಳ್ಳಿಯವರೆಗೆ ಹೋಗಿ, ಕೈ ತಡೆದು, ತಿರುಗಿದಳು.

"ಒಂದೆರಡು ಹಾಕವ್ವ," ಎಂದೆ.

"ಯಾರು ತಿಂತೀರ್ರಿ?"

"ಇಲ್ಲಂದ್ರ ಅಪ್ಪ ಹುಡುಕ್ತಾರ."

ಬುಟ್ಟಿ ಭಾರವೆಂದು ವರ್ಷಗಟ್ಟಲೆ ಗೊಣಗಿದವಳು ನಾನು. ವಾಪಸ್ಸಿನ ಬಸ್ಸಿನಲ್ಲಿ, ಆ ಹಗುರ ಬುಟ್ಟಿ ಎಲ್ಲಿ ಜಾರೀತೋ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತೆ.